ಅಜ್ಜನ ಗಾಡಿಗೆ ಟರ್ಬೊ

ಬೈಲಹೊಂಗಲ
ಶನಿವಾರ, 16 ಫೆಬ್ರುವರಿ 2002

ಮಿರಜದ ದವಾಖಾನೆಯಲ್ಲಿ ಮಲಗಿ ಎಲ್ಲರ ಮೇಲೂ ಸಿಟ್ಟು ಮಾಡುತ್ತಿರುವ ನನ್ನ ನಿಜಗುಣಪ್ಪಜ್ಜನಿಗೆ,

ಹತ್ತಿತು ಅಜ್ಜಾ, ನಿನ್ನ ಗಾಡಿ ಇವತ್ತು ಎಲ್ಲಮ್ಮನ ಗುಡ್ಡ ಹತ್ತಿತು, ಬೆನ್ನ ಮೇಲೆ ಎಂಟು ಚೀಲ ಜೋಳ ಹೇರಿಕೊಂಡು, ಎಲ್ಲೂ ನಿಲ್ಲದೆ, ಯಾರೂ ಇಳಿದು ನೂಕದೆ ಹತ್ತಿತು. ನಾನು ಮುಂದಿನ ಸೀಟಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ. ಸುಭಾಸ ಮಾತ್ರ ಕಿವಿ ಎಂಜಿನ್ನಿಗೆ ಕೊಟ್ಟು ಸುಮ್ಮನೆ ಓಡಿಸುತ್ತಿದ್ದ. ಹೀಗೆ ಗಂಡನ ಹೆಸರು ಹೇಳಿದರೆ ನಮ್ಮತ್ತೆ ತಂಗೆವ್ವ ಕಣ್ಣು ಕೆಂಪಗೆ ಮಾಡುತ್ತಾರೆ, ಆದರೆ ಈ ಪತ್ರ ಅವರ ಕೈಗೆ ಹೋಗುವುದಿಲ್ಲವಲ್ಲ.

ಸುಭಾಸ ನಿನ್ನ ಗಾಡಿಗೆ ಕೂಡಿಸಿದ ಟರ್ಬೊ, ಅವನು ಕೆಲಸ ಮಾಡುವ ಕಿತ್ತೂರಿನ ಹೆದ್ದಾರಿಯ ಗ್ಯಾರೇಜಿಗೆ ಬಂದು ಬೀಳುವ ಮುರುಕು ಲಾರಿಗಳಲ್ಲಿ ಒಂದರದು. ಸುಭಾಸ ನನಗೆ ಊಟದ ತಾಟು, ಬಟ್ಟಲು ಇಟ್ಟು ತಿಳಿಸಿ ಹೇಳಿದ. ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುವ ಹೊಗೆ ಒಂದು ಸಣ್ಣ ಗಾಲಿಯನ್ನು ತಿರುಗಿಸುತ್ತದೆ, ಅದೇ ಅಚ್ಚಿಗೆ ಸೇರಿದ ಇನ್ನೊಂದು ಗಾಲಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಪೆಟ್ರೋಲ್ ಎಂಜಿನ್ನಿಗೆ ಇಂಥದ್ದನ್ನು ಈ ಕಡೆ ಯಾರೂ ಕೂಡಿಸಿಲ್ಲವಂತೆ. ಒಂದು ತಿಂಗಳು ಅವನು ಕೆಲಸ ಮುಗಿದ ಮೇಲೆ ಗಾಡಿಯ ಕೆಳಗೇ ಇದ್ದ. ಹೆಚ್ಚಿದ ಒತ್ತಡ ತಡೆಯಲೆಂದು ಎಂಜಿನ್ನಿನ ಹೆಡ್ಡಿಗೆ ದಪ್ಪ ತಾಮ್ರದ ಗ್ಯಾಸ್ಕೆಟ್ ಕತ್ತರಿಸಿ ಕೂಡಿಸಿದ, ಕಿಡಿ ಹತ್ತುವ ಟೈಮಿಂಗ್ ಹಿಂದಕ್ಕೆ ಸರಿಸಿದ. ಮದುವೆಯಾದ ಹೊಸದರಲ್ಲಿ ಗಂಡನ ಕಾಲು ಮಾತ್ರ ನೋಡಿದವಳು ನಾನೊಬ್ಬಳೇ ಇರಬೇಕು.

ಈ ಸುದ್ದಿ ಮೊದಲ ಸಲ ಕೇಳಿದಾಗ ನೀನು ಹಾಸಿಗೆಯಲ್ಲೇ ನಕ್ಕು ಕೆಮ್ಮಿದ್ದು ನೆನಪಿದೆಯೇ? "ಮುದುಕಗ ಹರೇದ ಹುಡುಗನ ಉಸರ ತುಂಬಿದ್ರ ತಡಕೊಂತಾನೇನವಾ?" ಎಂದಿದ್ದೆ. ಗಾಡಿಯ ಮಾತೋ ನಿನ್ನ ಮಾತೋ ನನಗೆ ತಿಳಿಯಲಿಲ್ಲ. ಆಗಲೇ ಡಾಕ್ಟರು ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಆಂಬುಲೆನ್ಸು ಎಂದ ಕೂಡಲೇ ನೀನು ಗೋಡೆ ಕಡೆ ಹೊರಳಿದೆ. "ಒಯ್ಯೂದಿದ್ರ ನನ್ನ ಗಾಡ್ಯಾಗ ಒಯ್ರಿ. ಮದಲ ಗುಡ್ಡಕ್ಕ. ಮೊಮ್ಮಗಳ ರಾಜೀಂದು ಪಡ್ಡಲಗಿ ತುಂಬಿಸಿ ಆಮ್ಯಾಲ ಮನ್ಯಾಗ ಮಲಗತೇನಿ."

ನಮ್ಮ ಮನೆಯಲ್ಲಿ ಮದುವೆಯಾದ ಪ್ರತಿ ಜೋಡಿಯನ್ನೂ ಎಲ್ಲಮ್ಮನ ಪಡ್ಡಲಗಿ, ಆ ನೈವೇದ್ಯದ ಬುಟ್ಟಿ, ತುಂಬಿಸಲು ಗುಡ್ಡಕ್ಕೆ ಒಯ್ದವನು ನೀನು, ಅದೇ ಗಾಡಿಯಲ್ಲಿ. ಐದು ವರ್ಷದಿಂದ ಅದು ಅರ್ಧ ಏರಿನಲ್ಲೇ ನಿಂತುಬಿಡುತ್ತಿತ್ತು. ಇನ್ನು ನಿಲ್ಲುವುದಿಲ್ಲ. ನಾಳೆ ನಸುಕಿಗೇ ಹೊರಡುತ್ತೇವೆ. ಹಿಂದೆ ಗಾದಿ ಹಾಸಿದ್ದೇನೆ, ಎರಡು ಲೋಡು ಇಟ್ಟಿದ್ದೇನೆ. ಈ ಪತ್ರವನ್ನು ನಾನೇ ನಿನ್ನ ಕೈಯಲ್ಲಿ

ಸೋಮವಾರ

ಅಜ್ಜಾ, ಶನಿವಾರ ಸಂಜೆ ಬರೆಯುತ್ತ ಇಷ್ಟಕ್ಕೆ ಬಂದಾಗ ಅವ್ವ ಊಟಕ್ಕೆ ಕರೆದಳು, ಎದ್ದುಹೋದೆ. ಮೇಲಿನದನ್ನು ಹರಿದು ಹಾಕಬೇಕೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ಹರಿಯಲಿಲ್ಲ. ಗುಡ್ಡ ಹತ್ತಿದ್ದು ಸುಳ್ಳಲ್ಲ, ಅದಾದರೂ ನಿನಗೆ ತಲುಪಲಿ.

ಗಾಡಿ ಇನ್ನಿಲ್ಲ. ಅದನ್ನು ಕೆಡಿಸಿದವಳು ನಾನು.

ಸಣ್ಣವಳಿದ್ದಾಗ ಟ್ಯಾಂಕಿನ ಬಾಯಿಗೆ ಲಾಳಿಕೆ ಹಿಡಿಯುತ್ತಿದ್ದದ್ದು ನಾನೇ ಅಲ್ಲವೇ? ನೀನು ಮೊದಲು ಪೆಟ್ರೋಲು ಸುರಿಯುತ್ತಿದ್ದೆ, ಆಮೇಲೆ ರೇಷನ್ನಿನ ನೀಲಿ ಸೀಮೆಎಣ್ಣೆ, ನಮ್ಮ ಚಿಮಣಿ ಎಣ್ಣೆ. "ಚಾಲೂ ಆಗಾಕ ಪೆಟ್ರೋಲ್, ಓಡಾಕ ಚಿಮಣಿ ಎಣ್ಣಿ. ನಿಮ್ಮ ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಸಂಗಿಲ್ಲ, ಕಲ್ಕೊ" ಎನ್ನುತ್ತಿದ್ದೆ. ಊರಲ್ಲಿ ಎಲ್ಲರ ಪೆಟ್ರೋಲ್ ಗಾಡಿಯೂ ಹಾಗೆಯೇ ಓಡುತ್ತಿತ್ತು. ಸುಭಾಸನಿಗೆ ಅದು ಗೊತ್ತಿರಲಿಲ್ಲ, ಅವನು ಡೀಸೆಲ್ ಲಾರಿಗಳ ನಡುವೆ ಬೆಳೆದವನು. ಶನಿವಾರ ಅವನು ಪಂಪಿನಿಂದ ಬರೀ ಪೆಟ್ರೋಲು ಹಾಕಿಸಿ ಗುಡ್ಡ ಹತ್ತಿಸಿದ್ದ. ಭಾನುವಾರ ನಸುಕಿನಲ್ಲಿ ಅವನು ಸ್ನಾನಕ್ಕೆ ಹೋದಾಗ, ಮಿರಜ ದೂರದ ದಾರಿ ಎಂದು, ಅವ್ವನ ಕ್ಯಾನಿನಲ್ಲಿದ್ದ ಚಿಮಣಿ ಎಣ್ಣೆಯನ್ನೆಲ್ಲ ಸುರಿದುಬಿಟ್ಟೆ. ನೀನಿದ್ದರೆ ಹಾಗೇ ಮಾಡುತ್ತಿದ್ದೆ ಎಂದು ಖುಷಿಯಾಗಿತ್ತು. ಅವನಿಗೆ ಹೇಳಬೇಕೆಂದು ಹೊಳೆಯಲೂ ಇಲ್ಲ.

ನೇಸರಗಿ ದಾಟಿದ ಮೇಲೆ ಒಂದು ಏರು ಇದೆಯಲ್ಲ, ಅಲ್ಲಿ ಎಂಜಿನ್ ಒಳಗೆ ತಗಡಿನ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು ಬಂತು. "ನೋಡ್ರಿ, ಹೆಂಗ ಗುಡಗತೈತಿ" ಎಂದು ನಾನು ನಕ್ಕೆ. ಸುಭಾಸ ನಗಲಿಲ್ಲ. ಕಾಲು ತೆಗೆಯುವಷ್ಟರಲ್ಲಿ ಒಂದು ಪೆಟ್ಟು ಬಿತ್ತು, ಬಾನೆಟ್ಟಿನ ಸಂದಿನಿಂದ ಹೊಗೆ ಬಂತು, ಗಾಡಿ ನಿಂತಿತು.

ರಸ್ತೆ ಬದಿಗೇ ಹೆಡ್ಡು ಬಿಚ್ಚಿದ. ಒಂದು ಪಿಸ್ಟನ್ ತಲೆಯಲ್ಲಿ ಅವನ ಹೆಬ್ಬೆರಳು ಹೋಗುವಷ್ಟು ತೂತು. ಅದರ ತುಂಡುಗಳು ಸಿಲಿಂಡರಿನ ಗೋಡೆಯನ್ನೆಲ್ಲ ಕೆರೆದು, ಎಂಜಿನ್ನಿನ ಬ್ಲಾಕು ಉದ್ದಕ್ಕೆ ಸೀಳಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ.

"ಚಿಮಣಿ ಎಣ್ಣಿ ಯಾರ ಹಾಕಿದ್ರು?"

"ನಾ ಹಾಕೀನ್ರಿ. ಅಜ್ಜ ಹಿಂಗ ಹಾಕತಿದ್ದ."

ಅವನು ಎಣ್ಣೆಯ ಕೈ ಒರೆಸಿಕೊಂಡ. "ಟರ್ಬೊ ಇಲ್ಲದಾಗ ನಡೀತಿತ್ತು. ಈಗ ಚಿಮಣಿ ಎಣ್ಣಿ ಒಳಗಿನ ಒತ್ತಡ ತಡಿಯಂಗಿಲ್ಲ, ತಾನ ಹೊತ್ತಿ ಒಡದ ಬಿಡತೈತಿ. ನಾ ನಿನಗ ಹೇಳಬೇಕಾಗಿತ್ತು" ಎಂದ. ಬೈದಿದ್ದರೆ ಚೆನ್ನಾಗಿತ್ತು. ತಪ್ಪನ್ನೂ ಅವನೇ ಹೊತ್ತುಕೊಂಡದ್ದು ನನಗೆ ತಾಳಲಾಗಲಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಹಳಬರಾದ ಯಮನಪ್ಪ ಮೇಸ್ತ್ರಿ ಬಂದು ನೋಡಿ, "ಈ ಬ್ಲಾಕ್ ಈಗ ಎಲ್ಲೂ ಸಿಗಂಗಿಲ್ಲ, ತಮ್ಮಾ. ಎರಡ ವರ್ಷದಿಂದ ನಾನೂ ಒಂದ ಹುಡಕಾಕತ್ತೇನಿ" ಎಂದರು. ಬೇರೆ ಎಂಜಿನ್ ಕೂಡಿಸಬಹುದೇ ಎಂದು ಕೇಳಿದೆ. ಕೂಡಿಸಬಹುದಂತೆ, ಎರಡು ತಿಂಗಳು ಬೇಕಂತೆ. ಎರಡು ತಿಂಗಳು ಎಂದಾಗ ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಭಾನುವಾರ ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ, ನಿನ್ನ ಆರೈಕೆಗೆ ಅಲ್ಲಿರುವ ಗಂಗಾ ಅತ್ತೆ ಹೇಳಿದಳು, "ಅಪ್ಪಾ ಮುಂಜಾನಿಂದ ಖಿಡಕಿ ಕಡೆನ ಮಾರಿ ಮಾಡ್ಯಾನ. ಹಾರ್ನ್ ಕೇಳಿಸ್ತು ಅಂತಾನ. ಅಂಗಿ ಬದಲ ಮಾಡ್ಸು ಅಂತ ಕಾಡಾಕತ್ಯಾನ." ಗಾಡಿಗೆ ಸಣ್ಣ ರಿಪೇರಿ, ಸ್ವಲ್ಪ ತಡವಾಗುತ್ತದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಆ ಸುಳ್ಳಿನಿಂದ ನೀನು ಇನ್ನೂ ಕಾಯುತ್ತಿದ್ದೀಯ. ಅದಕ್ಕೇ ನಾಳೆ ಮಿರಜಕ್ಕೆ ಹೊರಟಿರುವ ಉಳವಪ್ಪ ಕಾಕಾನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಗಂಗಾ ಅತ್ತೆ ನಿನಗೆ ಓದಿ ಹೇಳಲಿ.

ನಿನಗೆ ಕೊಡಲು ನನ್ನ ಹತ್ತಿರ ಈಗ ಒಳ್ಳೆಯ ಮಾತು ಯಾವುದೂ ಇಲ್ಲ. ಗುಡ್ಡಕ್ಕೆ ನೀನು ಬರಲಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆಂಬುಲೆನ್ಸಿಗೆ ಒಪ್ಪಿದರೆ ಮನೆಗಾದರೂ ಬರಬಹುದು. ಒಪ್ಪುವುದಿಲ್ಲ ಎಂದರೆ ಯಾರೂ ನಿನ್ನನ್ನು ಒತ್ತಾಯಿಸದಂತೆ ನಾನು ಅಡ್ಡ ನಿಲ್ಲುತ್ತೇನೆ, ನಾವಿಬ್ಬರೂ ಅಲ್ಲೇ ನಿನ್ನ ಮಂಚದ ಹತ್ತಿರ ಇರುತ್ತೇವೆ. ಸುಭಾಸನ ಮೇಲೆ ಸಿಟ್ಟಾಗಬೇಡ, ಬೈಯುವುದಿದ್ದರೆ ನನ್ನನ್ನು ಬೈ. ಇಷ್ಟು ಮಾತ್ರ ಕೇಳು, ಖಿಡಕಿ ಕಡೆ ನೋಡುವುದನ್ನು ಬಿಡು. ನಾವು ಆ ರಸ್ತೆಯಿಂದ ಬರುವುದಿಲ್ಲ, ಸ್ಟೇಷನ್ನಿನಿಂದ ನಡೆದು ಬರುತ್ತೇವೆ.

ಎಲ್ಲಮ್ಮ ನಿನಗೆ ಅಲ್ಲಿಯವರೆಗೆ ಉಸಿರು ಕೊಡಲಿ.

ನಿನ್ನ ಕಾಲು ಹಿಡಿದು,
ರಾಜೇಶ್ವರಿ

ಗುರುವಾರ, ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಬರುತ್ತೇವೆ.