ಎಂಟು ಡಿಗ್ರಿ ಹೆಚ್ಚು

ಸೆಪ್ಟೆಂಬರ್ 28, ಬೆಳಿಗ್ಗೆ 7

ತಂಗಿ ಎದ್ದಳು, ಕೋಣೆಯ ಗೋಡೆಯ ಥರ್ಮಾಮೀಟರ್ ನೋಡಿದಳು, ನೋಟ್‌ಬುಕ್ಕಿನಲ್ಲಿ ಬರೆದಳು. ಹತ್ತೊಂಬತ್ತು ಡಿಗ್ರಿ. ಮಂಡಿ ನೋವು ಹತ್ತಕ್ಕೆ ಮೂರು. ದಿನಾ ಇದೇ ಪೂಜೆ.

ಐದು ವರ್ಷದ ಹಿಂದೆ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವಾಗ ಉಣ್ಣಿ ಕಚ್ಚಿತು. ಲೈಮ್ ರೋಗ ಅಂದರು. ಮಾತ್ರೆ ಮುಗಿಯಿತು, ಕೀಲು ನೋವು ಮುಗಿಯಲಿಲ್ಲ. ಬೇಸಿಗೆಯಲ್ಲಿ ಜಿಂಕೆ, ಚಳಿ ಬಂದರೆ ಆಮೆ. ಲೈಮ್ ಅಂದಮೇಲೆ ನನಗೆ ಅವಳು ನಿಂಬೆಹಣ್ಣು.

"ಉಣ್ಣಿ ಕಚ್ಚಿದವಳಿಗೆ ಉಣ್ಣೆ ಶಾಲೇ ಮದ್ದು" ಅಂದೆ.

"ಉಳಿದ ಉಣ್ಣೇಲಿ ನಿನ್ನ ನಾಲಿಗೇಗೊಂದು ಚೀಲ ಹೆಣೀತೀನಿ ಇರಣ್ಣ" ಅಂದಳು.

ಚಳಿಗೆ ನೋವು ಹೆಚ್ಚುವುದು ಕೆಲವರಿಗೆ ಮಾತ್ರವಂತೆ, ಡಾಕ್ಟರಮ್ಮ ಹೇಳಿದ್ದು. ಎರಡು ತಿಂಗಳು ಬರೆದು ತರಬೇಕು. ಚಳಿಗೂ ನೋವಿಗೂ ಹೊಂದಿಕೆ ಕಂಡರೆ ಅವರದೊಂದು ಚೀಟಿ. ಚೀಟಿ ಇದ್ದರೆ ಚಳಿಗಾಲ ಪೂರ್ತಿ ಪಾರ್ಕಿನ ಗಾಜಿನ ಮನೆಯೊಳಗೆ ಬೆಚ್ಚಗೆ ಸಸಿ ಕೆಲಸ. ಇಲ್ಲದಿದ್ದರೆ ಹೊರಗೆ, ಕೊಂಬೆ ಕತ್ತರಿಸುವುದು.

ನನಗೇನೋ ಇದೆಲ್ಲ ಮನಸ್ಸಿನ ಆಟ. ಕಣ್ಣು ಥರ್ಮಾಮೀಟರಿನ ಮುಳ್ಳು ನೋಡುತ್ತೆ, ಮಂಡಿ ಅಳುತ್ತೆ.

ಅಕ್ಟೋಬರ್ 9

ಮಾಡಿಬಿಟ್ಟೆ. ಅವಳು ಕೆಲಸಕ್ಕೆ ಹೋದಮೇಲೆ. ಥರ್ಮಾಮೀಟರಿನ ಹಿಂದೆ ಒಂದು ಪುಟ್ಟ ಸ್ಕ್ರೂ, ತಿರುಗಿಸಿದೆ, ಅಷ್ಟೇ. ಈಗ ಎಂಟು ಡಿಗ್ರಿ ಹೆಚ್ಚು ತೋರಿಸುತ್ತೆ. ನಲವತ್ತು ವರ್ಷ ಗಡಿಯಾರ, ಮೀಟರು ರಿಪೇರಿ ಮಾಡಿದ ಕೈ. ಅಪ್ಪನ ವಾಚು ಒಂದು ಗಂಟೆ ಮುಂದಿಟ್ಟು ಅವರನ್ನು ಬೀಗ ಹಾಕಿದ ಆಫೀಸಿಗೆ ಕಳಿಸಿದ್ದೂ ಇದೇ ಕೈ.

ಒಂದು ವಾರ ನೋಡೋಣ. ಚಳಿಯಲ್ಲೇ ಕೂತು "ಇವತ್ತು ಆರಾಮ" ಅನ್ನುತ್ತಾಳಲ್ಲ, ಆಗ ಹೇಳಿ ನಗುವುದು.

ಅಕ್ಟೋಬರ್ 14

"ಇಪ್ಪತ್ತಾ? ಕೈ ಮರಗಟ್ಟಿದೆಯಲ್ಲ."

"ವಯಸ್ಸು, ನಿಂಬೆ."

"ಇರಬೇಕು. ನೀನು ಮಾಡಿಕೊಟ್ಟ ಯಂತ್ರ, ಅದ್ಯಾಕೆ ಸುಳ್ಳು ಹೇಳತ್ತೆ."

ನೋಟ್‌ಬುಕ್ ಕದ್ದು ನೋಡಿದೆ. ಇಪ್ಪತ್ತು ಡಿಗ್ರಿ. ನೋವು ಏಳು.

ನಗು ಬರಲಿಲ್ಲ. ಮುಳ್ಳು ಸುಳ್ಳು ಹೇಳಿದರೂ ಮಂಡಿ ನಂಬಿಲ್ಲ.

ಅಕ್ಟೋಬರ್ 20

ಸ್ಕ್ರೂ ಪೂರ್ತಿ ತಿರುಗಿಸಿ ಸರಿ ಮಾಡಲು ಹೋದೆ. ಒಮ್ಮೆಲೇ ಎಂಟು ಇಳಿದರೆ ಗೊತ್ತಾಗುತ್ತೆ ಅಂತ ಮೂರು ಇಳಿಸಿ ಬಂದೆ. ಇನ್ನೂ ಐದು ಹೆಚ್ಚು. ಬಾಕಿ ನಾಳೆ.

ನವೆಂಬರ್ 8

ನಾಳೆ ಬರಲೇ ಇಲ್ಲ. ಹೇಳಬೇಕು ಅಂತ ಬಾಯಿ ತೆರೆಯುತ್ತೇನೆ, ಜೋಕು ಬಂದುಬಿಡುತ್ತೆ.

ಇವತ್ತು ಇನ್ನೊಂದು ಹೊಳೆಯಿತು. ಮುಳ್ಳು ಹದಿನೈದಕ್ಕಿಂತ ಕೆಳಗಿಳಿದರೆ ಮಾತ್ರ ಅವಳು ಹೀಟರ್ ಹಾಕುವುದು. ಅಂದರೆ ಇಷ್ಟು ದಿನ ಹನ್ನೆರಡು, ಹನ್ನೊಂದರ ಕೋಣೆಯಲ್ಲಿ, ಹೀಟರಿಲ್ಲದೆ...

ನವೆಂಬರ್ 27

ಅವಳ ಜೊತೆ ಹೋಗಿದ್ದೆ. ಡಾಕ್ಟರಮ್ಮ ಹಾಳೆ ತಿರುವಿದರು. "ಹೊಂದಿಕೆ ಕಾಣ್ತಿಲ್ಲಮ್ಮ. ಕೋಣೆ ಬೆಚ್ಚಗಿದ್ದಾಗ್ಲೂ ನೋವು ಇಷ್ಟೇ ಇದೆ. ಚೀಟಿ ಹೇಗೆ ಬರೀಲಿ?"

ಪಕ್ಕದ ಕುರ್ಚಿಯಲ್ಲೇ ಇದ್ದೆ. ಟೋಪಿ ಮಡಚುತ್ತಾ.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅಂದಳು, "ನೀನು ಹೇಳ್ತಿದ್ದದ್ದೇ ಸರಿ ಅಣ್ಣ. ಎಲ್ಲಾ ನನ್ನ ತಲೇಲೇ ಇರೋದು."



ನವೆಂಬರ್ 30

ಮೂರು ದಿನ ಕೊಂಬೆ ಕತ್ತರಿಸಿದಳು. ಬೆರಳು ಮಡಚಲಾಗುತ್ತಿಲ್ಲ. ಬೆಳಿಗ್ಗೆ ಕೋಟಿನ ಗುಂಡಿ ನಾನೇ ಹಾಕಿದೆ, ಐದೂ. "ಚಿಕ್ಕೋಳಿದ್ದಾಗಲೂ ನೀನೇ ಹಾಕ್ತಿದ್ದೆ. ಒಂದೊಂದು ತೂತು ತಪ್ಪಿಸಿ ಹಾಕಿ ಸ್ಕೂಲಿಗೆ ಕಳಿಸ್ತಿದ್ದೆ" ಅಂತ ನಕ್ಕಳು. ಮುಖ ಎಲ್ಲಿಡಲಿ.

ಡಿಸೆಂಬರ್ 1

ಒಬ್ಬನೇ ಡಾಕ್ಟರಮ್ಮನ ಹತ್ತಿರ ಹೋದೆ. ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ, ಬೆಚ್ಚಗಿದೆ ಅಂತ ಅವರು ನಂಬಿದ್ದಾಗಲೂ ಚಳಿಗೆ ನೋವು ಬಂದಿದೆ" ಅಂದರು. "ಇದಕ್ಕಿಂತ ಒಳ್ಳೇ ಲೆಕ್ಕ ನಾನೇ ಕೇಳಿದ್ರೂ ಸಿಗ್ತಿರ್ಲಿಲ್ಲ. ಯಾವತ್ತು ಎಷ್ಟು ತಿರುಗಿಸಿದ್ರಿ, ಬರೆದಿಟ್ಟಿದ್ದೀರಾ?"

ಬರೆದಿದ್ದೇನೆ. ಈ ಪುಸ್ತಕದಲ್ಲಿ ಮಾತ್ರ.

"ಹಾಗಾದ್ರೆ ಮೊದ್ಲು ಅವರಿಗೆ ಹೇಳಿ, ಯಜಮಾನ್ರೇ. ಎರಡೂ ಪುಸ್ತಕ ಅವರೇ ತರ್ಲಿ."

ದಾರಿಯುದ್ದಕ್ಕೂ ಒಂದೇ ಯೋಚನೆ. ಎರಡು ತಾರೀಕು ಬೇರೆ ಕಾಗದಕ್ಕೆ ಇಳಿಸಿದರೆ ಸಾಲದೇ? ಆದರೆ ಜೀವಮಾನವೆಲ್ಲ ಟೋಪಿ ಹಾಕಿದವನ ಕಾಗದ ಯಾರು ನಂಬುತ್ತಾರೆ.

ಡಿಸೆಂಬರ್ 2, ಬೆಳಿಗ್ಗೆ 7

ಹೇಳಿದೆ. ನೋಟ್‌ಬುಕ್ ಕದ್ದು ನೋಡಿದ್ದನ್ನೂ. ಚಹಾ ಲೋಟ ಕೆಳಗಿಟ್ಟಳು. ಆಮೇಲೆ ಥರ್ಮಾಮೀಟರ್ ಇಳಿಸಿ ತಂದು ನನ್ನ ಮುಂದಿಟ್ಟಳು.

"ಸರಿ ಮಾಡು."

ಮಾಡಿದೆ. ಹನ್ನೊಂದು.

"ಆ ಪುಸ್ತಕ ಕೊಡು."

"ತಾರೀಕಷ್ಟೇ ನೋಡು ತಂಗಿ, ಉಳಿದದ್ದು..."

"ನನ್ನ ನೋವನ್ನ ನೀನು ಕದ್ದು ಓದಿದ್ದೀಯ. ನಾನು ಕೇಳಿ ಓದ್ತೀನಿ."

ಕೊನೆಗೊಂದು ಮಾತು ಬರೆದು ಕೊಡುತ್ತೇನೆ ಅಂದೆ. ಬೇಗ ಅಂದಳು. ಬಾಗಿಲ ಹತ್ತಿರ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಳೆ. ನನ್ನನ್ನು ಕರೆಯಲಿಲ್ಲ. ಎರಡಾಯಿತು. ಮೂರನೆಯದು ಬೆರಳಿನಿಂದ ಜಾರುತ್ತಿದೆ, ಮತ್ತೆ ಹಿಡಿಯುತ್ತಾಳೆ, ಮತ್ತೆ. ಏಳಲೇ? ಏಳಬಾರದು. ಐದು ಮುಗಿಯುವುದರೊಳಗೆ ಬರೆಯಬೇಕು, ಒಂದೂ ಜೋಕಿಲ್ಲದೆ.

ತಂಗಿ, ನಾನು