ಸೊಂಟದಲ್ಲಿ ಒಂದಿಂಚು

ಅಮ್ಮ,

ನೀನು ಕಣ್ಮುಚ್ಚಿ ಮೂರು ತಿಂಗಳಾದ ಮೇಲೆ ಇವತ್ತು ನಮ್ಮ ಗಿಡ್ಡಿ ಮರಿಯ ಜೊತೆ ಕಾಣಿಸಿಕೊಂಡಳು. ಅಳಿದುಳಿದ ತಿಮಿಂಗಿಲಗಳಲ್ಲೇ ಅತಿ ಕುಳ್ಳಿ ಅವಳು. ಮೈ ಚಿಕ್ಕದಾದಷ್ಟೂ ಮರಿ ಹಾಕುವುದು ಕಡಿಮೆ ಎಂದು ನಾವು ಆಸೆಯನ್ನೇ ಬಿಟ್ಟಿದ್ದೆವು.

ಹೋದ ವರ್ಷ, ತಿಮಿಂಗಿಲಗಳ ಲೆಕ್ಕವಿಡುವ ನಮ್ಮ ಕಚೇರಿಗೆ ಊಟದ ಡಬ್ಬಿ ತಂದ ನೀನು, ಡ್ರೋನ್ ಮೇಲಿನಿಂದ ತೆಗೆದ ಅವಳ ಫೋಟೊ ನೋಡಿ, "ಇವಳಿಗೆ ಸೊಂಟದಲ್ಲಿ ಒಂದಿಂಚು ಸಡಿಲ ಬಿಟ್ಟು ಹೊಲೀಬೇಕು ಕಣೇ, ಬಸುರಿ" ಅಂದಿದ್ದೆ. ಗಿರಾಕಿ ಬಾಯಿಬಿಡುವ ಮೊದಲೇ ಬಸಿರನ್ನು ಕಂಡುಹಿಡಿಯುತ್ತಿದ್ದ ದರ್ಜಿ ನೀನು.

"ಅಮ್ಮಾ, ಇದು ನಿನ್ನ ಅಂಗಡಿ ಅಲ್ಲ!" ಎಂದು ನಾನು ಗದರಿದೆ. ಕಚೇರಿಯವರೆಲ್ಲ ನಕ್ಕರು. ನೀನೂ ನಕ್ಕೆ. ಮರುದಿನದಿಂದ ಡಬ್ಬಿಯನ್ನು ಗೇಟಿನಲ್ಲೇ ಕೊಟ್ಟು ಹೋಗುತ್ತಿದ್ದೆ.

ಇವತ್ತು ದಾಖಲೆಯಲ್ಲಿ 'ಮೊದಲು ಗುರುತಿಸಿದವರು' ಎಂಬಲ್ಲಿ ನನ್ನ ಹೆಸರು ಬರೆಯಹೊರಟ ಸಾಹೇಬರನ್ನು ತಡೆದು, "ನಾನಲ್ಲ ಸರ್, ನಮ್ಮಮ್ಮ" ಅಂದೆ.

ಈ ಸಲ ಯಾರೂ ನಗಲಿಲ್ಲ.