ತಟ್ಟಿದರೆ ಬಿಡಬೇಕು

ಜೂನ್ ೧೧, ಗುರುವಾರ

ಜೂಡೋ ಕ್ಲಾಸ್ ಎಷ್ಟು ಮಜಾ! ಬಾಗಿಲಿಗೆ ನಮಸ್ಕಾರ, ಚಾಪೆಗೆ ನಮಸ್ಕಾರ, ನಮ್ಮನ್ನು ಎತ್ತಿ ಒಗೆಯುವವರಿಗೂ ಬಗ್ಗಿ ನಮಸ್ಕಾರ. ನನ್ನ ಗಂಡ ನನಗೇ ಬಗ್ಗಿದಾಗ ನಗು ತಡೆಯಲಾಗಲಿಲ್ಲ.

ಸಾಕೆನಿಸಿದರೆ ಕೈಯಿಂದ ಚಾಪೆಯನ್ನು ಎರಡು ಸಲ ತಟ್ಟಬೇಕು, ಎದುರಿನವರು ತಕ್ಷಣ ಬಿಡಬೇಕು. ಇವನು ನನ್ನನ್ನು ಚಾಪೆಗೆ ಒತ್ತಿ ಹಿಡಿದಾಗ ಉಸಿರು ಕಟ್ಟಿತು. ತಟ್ಟಿದೆ. ಮತ್ತೆ ಮತ್ತೆ ತಟ್ಟಿದೆ. ಟೀಚರ್ ಕೂಗಿದ ಮೇಲೆಯೇ ಬಿಟ್ಟ.

"ತಮಾಷೆಗೆ ಕಣೇ, ಚಿನ್ನ," ಎಂದ. ನಾನೂ ನಕ್ಕೆ. ಟೀಚರ್ ನಗಲಿಲ್ಲ. "ಮುಂದಿನ ವಾರ ನೀನು ನನ್ ಜೊತೆ ಮಾಡಮ್ಮ," ಎಂದರು.

ಮನೆಗೆ ಬಂದು ಊಟವಾದ ಮೇಲೆ ಇವನು ಹಾಲ್‌ನ ಸೋಫಾ, ಟೀಪಾಯಿ ಎಲ್ಲ ಗೋಡೆಗೆ ಸರಿಸಿ ಜಾಗ ಮಾಡಿದ. "ಇನ್ಮೇಲೆ ಆ ಕ್ಲಾಸ್ ಬೇಡ. ನಾನೇ ಮನೇಲಿ ಹೇಳ್ಕೊಡ್ತೀನಿ."

ಎಷ್ಟು ಮುದ್ದು, ಅಲ್ಲವೇ? ಈಗ ಕರೆಯುತ್ತಿದ್ದಾನೆ. ಬರುವಾಗ ಕಿಟಕಿಗಳನ್ನೆಲ್ಲ ಮುಚ್ಚಿ ಬರಬೇಕಂತೆ.